ಅಚ್ಚಿನಿಂದ ಒಂದಡಿ ಮುಂದೆ

ಚಿತ್ರದುರ್ಗದ ಕೋಟೆಯನ್ನು ಬೆನ್ನಿಗೆ ಬಿಟ್ಟು ಬಳ್ಳಾರಿಯ ದಾರಿ ಹಿಡಿದರೆ ಬಂಡೆಗುಡ್ಡಗಳು ಕ್ರಮೇಣ ಹಿಂದೆ ಸರಿದು, ಬಯಲು ಕಣ್ಣು ಹಾಯುವವರೆಗೂ ಹರಡಿಕೊಳ್ಳುತ್ತದೆ. ಇದೇ ಚಳ್ಳಕೆರೆಯ ಸೀಮೆ. ಮಳೆ ಕಡಿಮೆ, ಬೆಳೆ ಶೇಂಗಾ. ಗಿರಣಿಗಳ ದೆಸೆಯಿಂದ ಊರಿಗೆ 'ಎಣ್ಣೆಯ ನಗರ'ವೆಂಬ ಬಿರುದೂ ಬಂದಿತು.

ಭಾರವೆಳೆಯುವ ವಿದ್ಯೆ ಈ ಸೀಮೆಗೆ ಹೊಸದಲ್ಲ. ಇಲ್ಲಿಯ ಹುಲ್ಲುಗಾವಲುಗಳು ಅಮೃತಮಹಲ್ ಕಾವಲುಗಳು. ಚಿಕ್ಕದೇವರಾಜ ಒಡೆಯರ ಕಾಲದ 'ಬೆಣ್ಣೆ ಚಾವಡಿ'ಗೆ ಆ ಹೆಸರಿಟ್ಟವನು ಟಿಪ್ಪು. ಅವನ ಸೈನ್ಯದ ಫಿರಂಗಿಗಳನ್ನು ಎಳೆದದ್ದು ಈ ತಳಿಯ ಎತ್ತುಗಳೇ. ಕಾವಲಿನ ದೊಡ್ಡ ಭಾಗವೊಂದು ಈಗ ವಿಜ್ಞಾನ ಹಾಗೂ ರಕ್ಷಣಾ ಸಂಸ್ಥೆಗಳ ಗೋಡೆಯೊಳಗಿದೆ. ಆ ಕಥೆ ಬೇರೆ.

ಕಬ್ಬಿಣದ ಪಟ್ಟಿಯ ಮರದ ಚಕ್ರಕ್ಕೆ ಬದಲಾಗಿ ಗಾಳಿತುಂಬಿದ ಟೈರು, ಗುಂಡುಬೇರಿಂಗು ಬಂದಾಗ ಎತ್ತಿನ ಶ್ರಮ ಬಹಳ ಕುಗ್ಗಿತು. ಬೆಂಗಳೂರಿನ ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ಮ್ಯಾನೇಜ್‌ಮೆಂಟಿನ ಮೊದಲ ನಿರ್ದೇಶಕರಾದ ಎನ್. ಎಸ್. ರಾಮಸ್ವಾಮಿಯವರು 1970ರ ದಶಕದಲ್ಲಿ ಗಾಡಿಯ ಸುಧಾರಣೆಯನ್ನೇ ಒಂದು ವ್ರತವೆಂಬಂತೆ ಕೈಗೊಂಡರು. ಹಗುರವಾಗಿ ಉರುಳುವ ಗಾಡಿಗೆ ಇಳಿಜಾರಿನಲ್ಲಿ ಬಿರಿಯಿಲ್ಲದಿದ್ದರೆ ಅದು ಎತ್ತುಗಳನ್ನೇ ಮುಂದಕ್ಕೆ ನೂಕುತ್ತದೆ ಎಂಬುದನ್ನೂ ಇಲ್ಲಿ ನೆನೆಯಬೇಕು.

ಪೇಟೆಯಂಚಿನ ವೆಲ್ಡಿಂಗ್ ಶೆಡ್ಡೊಂದರಲ್ಲಿ ಅಂಥದೊಂದು ಟೈರುಗಾಡಿ ಸಣ್ಣ ಟ್ರಾಕ್ಟರಿನ ಟ್ರೈಲರಾಗಿ ಮರುಜನ್ಮ ಪಡೆಯುತ್ತಿತ್ತು. ಮೂಕಿಯನ್ನು ಕತ್ತರಿಸಿ ಕೊಕ್ಕೆ ಬೆಸೆದದ್ದು ಸರಿ. ಅಚ್ಚನ್ನೇಕೆ ಹಿಂದಕ್ಕೆ ಸರಿಸುತ್ತಿದ್ದೀರೆಂದು ಕೇಳಿದೆ.

"ಎತ್ತಿನ ಕುತ್ತಿಗೆಗೆ ಹಗುರ ಇರ್ಬೇಕು ಮೇಷ್ಟ್ರೇ. ಟ್ರಾಕ್ಟರಿಗೆ ಹಂಗಲ್ಲ, ಕೊಕ್ಕೆ ಮ್ಯಾಲೆ ಒಂದಿಷ್ಟು ಭಾರ ಕೂರ್ಬೇಕು. ಇಲ್ದಿದ್ರೆ ಬಾಲ ಆಡುಸ್ತೈತೆ."

ಯಂತ್ರಶಾಸ್ತ್ರವೂ ಇದನ್ನೇ ಹೇಳುತ್ತದೆ. ಸಣ್ಣ ಟ್ರೈಲರಿನ ಒಟ್ಟು ಭಾರದಲ್ಲಿ ಹತ್ತನೆಯ ಒಂದು ಪಾಲಾದರೂ ಕೊಕ್ಕೆಯ ಮೇಲಿರಬೇಕು. ಕೊಕ್ಕೆಯಿಂದ ಅಚ್ಚಿಗೆ 10 ಅಡಿಯಿದ್ದರೆ ಭಾರದ ನಡುಬಿಂದು ಅಚ್ಚಿನಿಂದ 1 ಅಡಿ ಮುಂದೆ ನಿಲ್ಲಬೇಕು. ಹಿಂದಕ್ಕೆ ಜಾರಿತೋ, ಕೊಕ್ಕೆ ಮೇಲಕ್ಕೆ ಜಗ್ಗುತ್ತದೆ. ಟ್ರಾಕ್ಟರಿನ ಹಿಂಚಕ್ರಗಳು ನೆಲದ ಹಿಡಿತ ಕಳೆದುಕೊಳ್ಳುತ್ತವೆ. ಎದುರಿಗೆ ಬಸ್ಸು ಬಂದ ಗಳಿಗೆಯಲ್ಲಿ ಟ್ರೈಲರು ಅಡ್ಡಾಡಿದರೆ ಗತಿಯೇನು?

ಶೇಂಗಾಕಾಯಿಯ ಸ್ವಭಾವವೂ ಇಲ್ಲಿ ತೊಡಕು. ತೂಕ ಕಡಿಮೆ, ಗಾತ್ರ ಹೆಚ್ಚು. ಮೂಟೆಗಳು ಎತ್ತರಕ್ಕೇರಿದಷ್ಟೂ ತಿರುವಿನಲ್ಲಿ ವಾಲುವ ಭಯ. ಅದಕ್ಕೆಂದೇ ಹಲಗೆಯನ್ನು ತಗ್ಗಿಸಿ, ತುಸು ಅಗಲಿಸಿದ್ದರು. ಎರಡು ಟೈರಿನ ಗಾಳಿಯೂ ಸಮವಿರಬೇಕೆಂದು ಮಾಲೀಕನಿಗೆ ಮೇಸ್ತ್ರಿ ಎರಡು ಸಲ ಒತ್ತಿ ಹೇಳಿದನು.

"ಹಿಂದ್ಗಡೆ ಕೆಂಪು ರಿಫ್ಲೆಕ್ಟರು?" ಎಂದು ಕೇಳಿದ ಮಾಲೀಕ, ಉತ್ತರಕ್ಕೆ ಕಾಯದೆ ಜೇಬಿನಿಂದ ತಾನೇ ಎರಡನ್ನು ತೆಗೆದಿಟ್ಟನು. ಸುಗ್ಗಿಯ ದಿನಗಳಲ್ಲಿ ಅವನ ಮಗ ರಾತ್ರಿಯಲ್ಲೂ ಮಾರುಕಟ್ಟೆಗೆ ಹೊಡೆದುಕೊಂಡು ಬರುವನಂತೆ.