ಶಿಂಷೆಯ ದಾರಿ ಹಿಡಿದು

ನಮ್ಮ ತುಮಕೂರು ಸೀಮೆಯವರಿಗೆ ನೀರೆಂದರೆ ಕೆರೆ. ಸಮುದ್ರವೇನಿದ್ದರೂ ಘಟ್ಟದ ಕೆಳಗಿನವರದ್ದು, ಅಲ್ಲವೇ ಸೋದರಿಯರೆ? ಆದರೆ ದೇವರಾಯನದುರ್ಗದ ಬಳಿ ಹುಟ್ಟುವ ನಮ್ಮ ಶಿಂಷೆಯನ್ನು ನೋಡಿ. ಗುಬ್ಬಿ ತಾಲ್ಲೂಕಿನ ಕಡಬದ ಕೆರೆ ತುಂಬಿಸಿ, ಕುಣಿಗಲ್ ತಾಲ್ಲೂಕಿನ ಮಾರ್ಕೋನಹಳ್ಳಿ ಜಲಾಶಯದಲ್ಲಿ ತಂಗಿ, ಕಾವೇರಿಯ ಜೊತೆಗೂಡಿ ಸಮುದ್ರಕ್ಕೇ ಹೋಗುತ್ತಾಳೆ.

ಒಳ್ಳೆ ಮಳೆಯಾದ ವರ್ಷ ಮಾರ್ಕೋನಹಳ್ಳಿಗೆ ಹೋಗಿ ಬನ್ನಿ. ಜಲಾಶಯ ತುಂಬಿದೊಡನೆ ಯಾರೂ ತೂಬು ಎತ್ತದೆ, ಸೈಫನ್ ಮೂಲಕ ನೀರು ತಾನಾಗಿ ಧುಮುಕುತ್ತದೆ. ಅಲ್ಲೇ ನಿಂತು ನನ್ನ ಮಗಳು ಕೇಳಿದಳು: “ಅಮ್ಮ, ನಾನು ನೌಕಾಪಡೆಗೆ ಅರ್ಜಿ ಹಾಕಲಾ?” ನನ್ನ ಎದೆ ಧಸಕ್ಕೆಂದಿತು.

ಅವಳು ಓದಿ ಹೇಳಿದ್ದು ಇದು. ನವೋಮಿ ಜೇಮ್ಸ್ ಎಂಬಾಕೆ ನ್ಯೂಜಿಲೆಂಡಿನಲ್ಲಿ ಕುರಿ ಸಾಕುವವರ ಮಗಳು. ಕೂದಲು ಕತ್ತರಿಸಿ ಸಿಂಗರಿಸುವ ಕೆಲಸ. ಈಜು ಕಲಿತಿದ್ದೇ 23ನೇ ವಯಸ್ಸಿನಲ್ಲಿ! 1977ರ ಸೆಪ್ಟೆಂಬರ್ 9ರಂದು ಇಂಗ್ಲೆಂಡಿನ ಡಾರ್ಟ್‌ಮೌತ್‌ನಿಂದ ಹಾಯಿದೋಣಿಯಲ್ಲಿ ಒಬ್ಬಳೇ ಹೊರಟಳು. ನಡುನೀರಿನಲ್ಲಿ ರೇಡಿಯೋ ಕೆಟ್ಟಿತು, ದೋಣಿ ಮಗುಚಿ ಎದ್ದಿತು. ಆದರೂ 272 ದಿನಗಳಲ್ಲಿ ಭೂಮಿ ಸುತ್ತಿ ಬಂದಳು.

ನಮ್ಮ ನೌಕಾಪಡೆಯ ದಿಲ್ನಾ ಮತ್ತು ರೂಪಾ ಇಬ್ಬರೇ, 2024ರ ಅಕ್ಟೋಬರ್ 2ರಂದು ಗೋವಾದಿಂದ ‘ತಾರಿಣಿ’ ಹಾಯಿದೋಣಿಯಲ್ಲಿ ಹೊರಟು, ಪ್ರಪಂಚ ಸುತ್ತಿ 2025ರ ಮೇ 29ರಂದು ಮರಳಿದರು.

ನನ್ನ ಹೆದರಿಕೆ ಹೋಗಿಲ್ಲ. ಆದರೂ ಬೇಡ ಎನ್ನಲಿಲ್ಲ. “ಮೊದಲು ಈಜು ಕಲಿ” ಎಂದೆ. ಈಗ ದಿನಾ ಬೆಳಿಗ್ಗೆ ಈಜಲು ಹೋಗುತ್ತಾಳೆ. ಬರುವ ಹೊತ್ತಿಗೆ ಬಿಸಿ ರಾಗಿರೊಟ್ಟಿ ಮಾಡಿಟ್ಟಿರುತ್ತೇನೆ. ನೀರಾಡಿ ಬಂದವರಿಗೆ ಹಸಿವು ಜಾಸ್ತಿ ನೋಡಿ!