ಹಿಂದಿನ ಸೀಟಿನ ದೂರು

ನಿಮ್ಮ ಮನೆಯ ಕಾರಿನಲ್ಲಿ ಹಿಂದಿನ ಸೀಟಿನಲ್ಲಿ ಯಾರು ಕುಳಿತುಕೊಳ್ಳುತ್ತಾರೆ? ನಮ್ಮ ಮನೆಯ ಕಾರಿನಲ್ಲಿ ಉಮ್ಮ ಕುಳಿತುಕೊಳ್ಳುತ್ತಾರೆ. ತಮ್ಮ ಕಾರು ಓಡಿಸುತ್ತಾನೆ, ನಾನು ಅವನ ಪಕ್ಕದಲ್ಲಿ. ಉಮ್ಮ ಹಿಂದೆ, ಸೀಟಿನ ನಟ್ಟನಡುವೆ, ಕೈಯಲ್ಲಿ ತಸ್ಬೀಹ್ ಹಿಡಿದುಕೊಂಡು.

ಉಮ್ಮನಿಗೆ ಗ್ಲಾಕೋಮಾ. ಈ ರೋಗದಲ್ಲಿ ಒಮ್ಮೆ ಹೋದ ದೃಷ್ಟಿ ಮರಳಿ ಬರುವುದಿಲ್ಲ, ಉಳಿದದ್ದನ್ನು ಕಾಪಾಡಿಕೊಳ್ಳಲು ಮಾತ್ರ ಔಷಧಿ. ಅದಕ್ಕಾಗಿ ಪುತ್ತೂರಿನಿಂದ ಮಂಗಳೂರಿಗೆ ಆಗಾಗ ಹೋಗಬೇಕು. ಸುಮಾರು 50 ಕಿ.ಮೀ. ದಾರಿ. ಪ್ರತಿದಿನ ಸುಬ್‌ಹಿ ನಮಾಝಿನ ಬಳಿಕ ಕುರ್‌ಆನ್ ತೆರೆದು ಕುಳಿತುಕೊಳ್ಳುತ್ತಿದ್ದ ಅವರಿಗೆ ಅಕ್ಷರಗಳು ಕಾಣದಾದಾಗ ಆದ ಸಂಕಟವನ್ನು ನಾನು ಇಲ್ಲಿ ಬರೆಯಲಾರೆ. “ಓದಲು ಆಗದಿದ್ದರೆ ಕೇಳುತ್ತೇನೆ” ಎಂದು ತಾವೇ ಸಮಾಧಾನ ಮಾಡಿಕೊಂಡರು. ಆ ಮಾತು ಕೇಳಿ ತಮ್ಮ ನಮ್ಮ ಹಳೆಯ ಕಾರಿಗೆ ಹೊಸ ಸ್ಟೀರಿಯೊ ಹಾಕಿಸಿದ. ಮುಂದಿನ ಬಾಗಿಲುಗಳಲ್ಲಿ ಎರಡು ಸ್ಪೀಕರ್, ಹಿಂದಿನ ಸೀಟಿನ ಬೆನ್ನಿಗೆ ಎರಡು. ಉಮ್ಮನಿಗೆ ಪ್ರಿಯವಾದ ಶೇಖ್ ಅಬ್ದುಲ್ ಬಾಸಿತ್‌ರ ಕಿರಾಅತನ್ನು ಪೆನ್‌ಡ್ರೈವ್‌ನಲ್ಲಿ ತುಂಬಿಸಿ ತಂದ.

ಮೊದಲ ಪ್ರಯಾಣದಲ್ಲೇ ಉಮ್ಮ ಹೇಳಿದರು, “ಮೋನೇ, ಸ್ವರ ಬಾವಿಯೊಳಗಿನಿಂದ ಬಂದ ಹಾಗಿದೆ. ಎಲ್ಲಿಂದ ಬರುತ್ತದೆಂದೇ ತಿಳಿಯುವುದಿಲ್ಲ.”

ತಮ್ಮ ವಾಲ್ಯೂಮ್ ಹೆಚ್ಚಿಸಿದ. “ಜೋರು ಬೇಡ, ಸ್ಪಷ್ಟ ಬೇಕು” ಎಂದರು ಉಮ್ಮ. ಮುಂದೆ ಕುಳಿತ ನಮಗಿಬ್ಬರಿಗೂ ಚೆನ್ನಾಗಿಯೇ ಕೇಳಿಸುತ್ತಿತ್ತು. ಇಂಜಿನ್ ಚಾಲೂ ಇದ್ದಾಗ ಸೊಳ್ಳೆ ಹಾಡಿದಂತಹ ಒಂದು ಸಣ್ಣ ಕುಯ್‌ಗುಟ್ಟುವಿಕೆ ಇತ್ತು, ಅಷ್ಟೇ. ಸ್ಟೀರಿಯೊ ಕೂರಿಸಿದವನನ್ನು ಕೇಳಿದರೆ, “ಹಳೆಯ ಕಾರಲ್ಲವೇ, ಹಾಗೆಯೇ” ಎಂದುಬಿಟ್ಟ.

ಆಗ ನಾನು ಆಡಿದ ಮಾತು ಇಂದಿಗೂ ನನ್ನನ್ನು ಚುಚ್ಚುತ್ತದೆ. “ಉಮ್ಮಾ, ಸ್ಪೀಕರ್ ಸರಿಯಾಗಿಯೇ ಇದೆ. ನಿಮ್ಮ ಕಿವಿಯನ್ನೊಮ್ಮೆ ತೋರಿಸೋಣ” ಎಂದಿದ್ದೆ.

ಉಮ್ಮ ಮತ್ತೆ ಮಾತಾಡಲಿಲ್ಲ. ಆ ಬಳಿಕ ಕಾರಿನಲ್ಲಿ ಕುಳಿತರೆ “ಬಂದ್ ಮಾಡು, ತಲೆ ನೋಯುತ್ತದೆ” ಎನ್ನತೊಡಗಿದರು. ಒಂದು ರಾತ್ರಿ ತಹಜ್ಜುದ್‌ನ ಹೊತ್ತಿಗೆ ನನಗೆ ಎಚ್ಚರವಾಯಿತು. ಪಕ್ಕದ ಕೋಣೆಯಲ್ಲಿ ಉಮ್ಮ ಅಳುತ್ತಾ ದುಆ ಮಾಡುತ್ತಿದ್ದರು. ಕಣ್ಣಿನ ಬಗ್ಗೆ ಏನೂ ಕೇಳಲಿಲ್ಲ. ಕಿವಿಯನ್ನಾದರೂ ಉಳಿಸಿಕೊಡು ಎಂದು ಅಲ್ಲಾಹನಲ್ಲಿ ಬೇಡುತ್ತಿದ್ದರು. ಸಹೋದರಿಯರೇ, ಆ ಭಯವನ್ನು ಅವರ ಎದೆಯೊಳಗೆ ಹಾಕಿದ್ದು ನಾನು.

ಕಿವಿಯ ವೈದ್ಯರಲ್ಲಿಗೆ ಕರೆದುಕೊಂಡು ಹೋದೆವು. ಹೆಡ್‌ಫೋನ್ ಹಾಕಿ ಪರೀಕ್ಷಿಸಿದರು. ವಯಸ್ಸಿಗೆ ತಕ್ಕಂತೆ ಚೆನ್ನಾಗಿಯೇ ಕೇಳಿಸುತ್ತಿದೆ, ಚಿಂತೆ ಬೇಡ ಎಂದರು. ಹಾಗಾದರೆ ದೋಷವೆಲ್ಲಿ?

ಅದು ಗೊತ್ತಾದದ್ದು ಆಕಸ್ಮಿಕವಾಗಿ. ಆ ದಿನ ಉಮ್ಮನನ್ನು ಮನೆಗೆ ಇಳಿಸಿದಾಗ ಅವರ ತಸ್ಬೀಹ್ ಕಾರಿನಲ್ಲೇ ಬಿದ್ದುಹೋಗಿತ್ತು. ಹುಡುಕಲೆಂದು ಹಿಂದಿನ ಸೀಟಿಗೆ ಹತ್ತಿದೆ. ತಮ್ಮ ಆಗಷ್ಟೇ ಕಿರಾಅತ್ ಹಾಕಿದ್ದ. ಉಮ್ಮ ಕುಳಿತುಕೊಳ್ಳುವ ಜಾಗದಲ್ಲಿ, ನಡುವೆ ಕುಳಿತು ತಲೆಯೆತ್ತಿದೆ. ಶೇಖ್‌ರ ಗಂಭೀರ ಸ್ವರ ಟೊಳ್ಳಾಗಿತ್ತು! ಅದರ ಆಳವೇ ಮಾಯವಾಗಿ, ನಿಜಕ್ಕೂ ಬಾವಿಯೊಳಗಿನಿಂದ ಬಂದಂತೆ ಕೇಳಿಸುತ್ತಿತ್ತು. ಮುಂದಿನ ಸೀಟಿಗೆ ಬಂದೆ, ಸರಿಯಾಗಿತ್ತು. ಹಿಂದೆ ಹೋದೆ, ಮತ್ತೆ ಟೊಳ್ಳು. ಇಷ್ಟು ದಿನ ಉಮ್ಮ ಹೇಳಿದ್ದು ಅಕ್ಷರಶಃ ಸತ್ಯ.

ಮರುದಿನ ತಮ್ಮ ಮತ್ತು ನಾನು ಅದನ್ನು ಪತ್ತೆ ಮಾಡಲು ಕುಳಿತೆವು. ಸ್ಟೀರಿಯೊದಲ್ಲಿ ಎರಡು ಹೊಂದಾಣಿಕೆಗಳಿರುತ್ತವೆ. ಸ್ವರವನ್ನು ಎಡಕ್ಕೆ ಬಲಕ್ಕೆ ಸರಿಸುವುದು ಬ್ಯಾಲೆನ್ಸ್, ಮುಂದಕ್ಕೆ ಹಿಂದಕ್ಕೆ ಸರಿಸುವುದು ಫೇಡರ್. ಮೊದಲು ಸ್ವರವನ್ನು ಪೂರ್ತಿ ಹಿಂದಕ್ಕೆ ತಂದೆವು. ಬಳಿಕ ಎಡದ ಸ್ಪೀಕರ್ ಮಾತ್ರ ಕೇಳಿದೆವು, ಸ್ವರ ತುಂಬಿ ಬಂತು. ಬಲದ್ದನ್ನು ಮಾತ್ರ ಕೇಳಿದೆವು, ಅದೂ ಚೆನ್ನ. ಎರಡನ್ನೂ ಸೇರಿಸಿದ ಕೂಡಲೇ ಟೊಳ್ಳು! ಒಂಟಿಯಾಗಿ ಸರಿ, ಜೊತೆಯಾದರೆ ತಪ್ಪು. ತಮ್ಮ ಪಾಲಿಟೆಕ್ನಿಕ್ ಓದಿದವನು. “ಒಂದರ ವಯರು ತಿರುಗಾ ಆಗಿದೆ” ಎಂದ.

ಅವನು ವಿವರಿಸಿದ್ದನ್ನು ನಿಮಗೂ ಹೇಳುತ್ತೇನೆ. ಪ್ರತಿ ಸ್ಪೀಕರಿಗೂ ಪ್ಲಸ್ ಮತ್ತು ಮೈನಸ್ ಎಂದು ಎರಡು ತುದಿಗಳಿರುತ್ತವೆ. ಎರಡೂ ಸರಿಯಾಗಿದ್ದರೆ ಎರಡು ಸ್ಪೀಕರುಗಳ ಪೊರೆಯೂ ಒಟ್ಟಿಗೆ ಹೊರಕ್ಕೆ, ಒಟ್ಟಿಗೆ ಒಳಕ್ಕೆ ಚಲಿಸುತ್ತವೆ. ಒಂದರ ವಯರು ಅದಲುಬದಲಾದರೆ ಒಂದು ಗಾಳಿಯನ್ನು ದೂಡುವಾಗ ಇನ್ನೊಂದು ಎಳೆಯುತ್ತದೆ. ಒಂದರ ಕೆಲಸವನ್ನು ಇನ್ನೊಂದು ಅಳಿಸಿಹಾಕುತ್ತದೆ. ದಪ್ಪ ಸ್ವರಗಳೇ ಮೊದಲು ಕಾಣೆಯಾಗುತ್ತವೆ. ಹಳೆಯ ಕಿರಾಅತ್‌ಗಳಲ್ಲಿ ಎಡಕ್ಕೂ ಬಲಕ್ಕೂ ಒಂದೇ ಸ್ವರ ಇರುವುದರಿಂದ, ಎರಡರ ನಡುವೆ ಕುಳಿತವರಿಗೆ ಆ ನಷ್ಟ ಅತಿ ಹೆಚ್ಚು. ನಮ್ಮ ಕಾಲ ಬಳಿಯ ಸ್ಪೀಕರುಗಳು ಸರಿಯಿದ್ದವು. ಆದ್ದರಿಂದ ನಮಗೆ ದೋಷ ಗೊತ್ತಾಗಲೇ ಇಲ್ಲ.

ತಮ್ಮ ಸ್ಪೀಕರಿನ ವಯರನ್ನು ಸ್ಟೀರಿಯೊದಿಂದ ಬಿಡಿಸಿ, 1.5 ವೋಲ್ಟಿನ ಪೆನ್ಸಿಲ್ ಸೆಲ್‌ಗೆ ಕ್ಷಣಕಾಲ ಮುಟ್ಟಿಸಿ ನೋಡಿದ. ಪ್ಲಸ್‌ಗೆ ಪ್ಲಸ್ ತಾಗಿದರೆ ಪೊರೆ ಹೊರಕ್ಕೆ ಜಿಗಿಯಬೇಕು. ಬಲದ್ದು ಜಿಗಿಯಿತು, ಎಡದ್ದು ಒಳಕ್ಕೆ ಸರಿಯಿತು. ಎರಡು ವಯರುಗಳನ್ನು ಅದಲುಬದಲು ಮಾಡಲು ಐದು ನಿಮಿಷವೂ ಬೇಕಾಗಲಿಲ್ಲ.

ಹಾಗೆಯೇ ಆ ಕುಯ್‌ಗುಟ್ಟುವ ಸದ್ದನ್ನೂ ನೋಡಿದೆವು. ಇಂಜಿನ್ ನಿಲ್ಲಿಸಿ ಸ್ಟೀರಿಯೊ ಮಾತ್ರ ಹಾಕಿದರೆ ಸದ್ದಿಲ್ಲ. ಇಂಜಿನ್ ಚಾಲೂ ಮಾಡಿ ಆಕ್ಸಿಲರೇಟರ್ ಒತ್ತಿದರೆ ಸದ್ದೂ ಏರುತ್ತದೆ. ಅಂದರೆ ಬ್ಯಾಟರಿ ಚಾರ್ಜ್ ಮಾಡುವ ಆಲ್ಟರ್ನೇಟರಿನ ಸದ್ದು ಒಳನುಗ್ಗುತ್ತಿದೆ ಎಂದರ್ಥ. ಸ್ಟೀರಿಯೊದ ಕಪ್ಪು ವಯರನ್ನು, ಅಂದರೆ ಅರ್ತನ್ನು, ಬಣ್ಣ ಬಳಿದ ತಗಡಿನ ಮೇಲೆಯೇ ತಿರುಪಿನಿಂದ ಬಿಗಿದಿದ್ದರು. ಬಣ್ಣ ಕೆರೆದು, ಬರೀ ಲೋಹಕ್ಕೆ ತಾಗುವಂತೆ ಬಿಗಿದಾಗ ಆ ಸದ್ದೂ ನಿಂತಿತು.

ನಿಮ್ಮ ಕಾರಿಗೆ ಸ್ಟೀರಿಯೊ ಹಾಕಿಸುವಾಗ ಇನ್ನೆರಡು ಸಂಗತಿ ನೆನಪಿಡಿ. ಕೀ ತೆಗೆದ ಕೂಡಲೇ ಸ್ಟೀರಿಯೊ ಗಡಿಯಾರವನ್ನೂ ಸ್ಟೇಷನ್‌ಗಳನ್ನೂ ಮರೆತರೆ ಹಳದಿ ಮತ್ತು ಕೆಂಪು ವಯರು ಅದಲುಬದಲಾಗಿರುವ ಸಂಭವ ಹೆಚ್ಚು. ಸಾಮಾನ್ಯವಾಗಿ ಹಳದಿ ಸದಾ ಬ್ಯಾಟರಿಗೆ, ಕೆಂಪು ಕೀ ಮೂಲಕ ಬರುವ ಕರೆಂಟಿಗೆ. ಗುಂಡಿಗೆ ಬಿದ್ದಾಗ ಸ್ವರ ಕಡಿದು ಕಡಿದು ಬಂದರೆ ವಯರು ಸಡಿಲವಾಗಿದೆಯೇ, ಬಾಗಿಲಿನ ತಗಡಿಗೆ ತಾಗುತ್ತಿದೆಯೇ ನೋಡಿಸಿ. ವಯರು ಮುಟ್ಟುವ ಮೊದಲು ಬ್ಯಾಟರಿಯ ಮೈನಸ್ ತುದಿಯನ್ನು ಬಿಚ್ಚಿಡಿ. ಧೈರ್ಯವಿಲ್ಲದಿದ್ದರೆ ಆಟೋ ಎಲೆಕ್ಟ್ರಿಷಿಯನ್‌ಗೆ ಹೇಳಿ, ಆದರೆ ಎದುರಿಗೆ ನಿಂತು ಎಲ್ಲ ಸೀಟಿನಲ್ಲೂ ಕುಳಿತು ಕೇಳಿದ ಬಳಿಕವೇ ಹಣ ಕೊಡಿ.

ಆ ಸಂಜೆ ಉಮ್ಮನನ್ನು ಕಾರಿನಲ್ಲಿ ಕೂರಿಸಿದೆವು. ಸೂರಃ ಅರ್ರಹ್ಮಾನ್ ಹಾಕಿದೆವು. ಉಮ್ಮ ಸ್ವಲ್ಪ ಹೊತ್ತು ತಲೆ ತಗ್ಗಿಸಿ ಕೇಳಿದರು. ಬಳಿಕ “ಈಗ ಎದುರಿಗೇ ಕುಳಿತು ಓದಿದ ಹಾಗಿದೆ” ಎಂದರು. ನಾನು ಅವರ ಕೈ ಹಿಡಿದು, “ಕಿವಿ ಸರಿಯಾಗಿತ್ತು ಉಮ್ಮಾ, ವಯರು ತಪ್ಪಿತ್ತು. ನನ್ನನ್ನು ಕ್ಷಮಿಸಿ” ಎಂದೆ. “ನೀನು ಹೇಳಿದ್ದಕ್ಕಿಂತ, ನಾನು ಹೇಳಿದ್ದನ್ನು ಯಾರೂ ನಂಬಲಿಲ್ಲವಲ್ಲ ಎಂದೇ ನೋವಾಗಿತ್ತು ಮೋಳೇ” ಎಂದರು.

ಊಹೆಗಳಿಂದ ದೂರವಿರಬೇಕೆಂದು ಸೂರಃ ಅಲ್ ಹುಜುರಾತ್ ನಮಗೆ ಕಲಿಸುತ್ತದೆ. ಅದು ನೆರೆಹೊರೆಯವರ ವಿಷಯವೆಂದೇ ನಾನು ತಿಳಿದಿದ್ದೆ. ಸ್ವಂತ ತಾಯಿಯ ಬಗ್ಗೆಯೂ ನಾವು ಊಹೆಯಿಂದಲೇ ತೀರ್ಪು ಕೊಡುತ್ತೇವೆ. ಊಟ ಸಪ್ಪೆ ಎಂದರೆ ನಾಲಗೆ ಕೆಟ್ಟಿದೆ, ಚಳಿ ಎಂದರೆ ವಯಸ್ಸಾಗಿದೆ, ಕೇಳಿಸುವುದಿಲ್ಲ ಎಂದರೆ ಕಿವಿ ಹೋಗಿದೆ. ನಿಮ್ಮ ಮನೆಯಲ್ಲೂ ಹಿರಿಯರು ಏನಾದರೂ ದೂರುತ್ತಿರಬಹುದು. ಉತ್ತರಿಸುವ ಮೊದಲು ಒಮ್ಮೆ ಅವರು ಕುಳಿತ ಜಾಗದಲ್ಲಿ ನೀವೂ ಕುಳಿತು ನೋಡಿ. ನಮ್ಮ ಹೆತ್ತವರ ಮಾತಿಗೆ ಕಿವಿಗೊಡುವ ತೌಫೀಕನ್ನು ಅಲ್ಲಾಹನು ನಮಗೆಲ್ಲರಿಗೂ ನೀಡಲಿ. ಆಮೀನ್.