ದುರ್ಮತಿ ಸಂವತ್ಸರದ ಹಾಳೆ

ಮಕ್ಕಳೇ, ನಿಮ್ಮ ಜನನ ಪ್ರಮಾಣಪತ್ರವನ್ನು ನೀವು ನೋಡಿಯೇ ಇರುತ್ತೀರಿ. ಶಾಲೆಗೆ ಸೇರಿಸುವಾಗ ಅಪ್ಪನೋ ಅಮ್ಮನೋ ಅದನ್ನು ಪ್ಲಾಸ್ಟಿಕ್ ಕವರಿನಲ್ಲಿಟ್ಟು ಜೋಪಾನವಾಗಿ ತಂದಿರುತ್ತಾರೆ. ಆ ಕಾಗದಕ್ಕೊಂದು ಜೋಡಿ ಇದೆ. ಅದರ ಮಾತೆತ್ತಿದರೆ ಮನೆಯಲ್ಲಿ ‘ಬಿಡ್ತು ಅನ್ನು’ ಎಂದು ಗದರುತ್ತಾರೆ. ಅದು ಮರಣ ಪ್ರಮಾಣಪತ್ರ. ಎರಡಕ್ಕೂ ಕಾನೂನು ಒಂದೇ, 1969ರ ಜನನ ಮರಣ ನೋಂದಣಿ ಅಧಿನಿಯಮ. ಹುಟ್ಟಿದ್ದನ್ನೂ ಸತ್ತದ್ದನ್ನೂ 21 ದಿನದೊಳಗೆ ತಿಳಿಸಬೇಕು ಎನ್ನುತ್ತದೆ ಅದು. ಹುಟ್ಟಿದ್ದನ್ನು ಎಲ್ಲರೂ ಸಂಭ್ರಮದಿಂದ ಬರೆಸುತ್ತಾರೆ. ಇನ್ನೊಂದನ್ನು ಬರೆಸುವ ಹೊತ್ತಿಗೆ ಮನೆಯವರ ಕಣ್ಣಲ್ಲಿ ನೀರಿರುತ್ತದೆ, ಮರೆತುಹೋಗುತ್ತದೆ.

ನಮ್ಮ ಮನೆಯಲ್ಲಿ ಈ ಕಾಗದದ ಮಾತು ಎದ್ದದ್ದು ನನ್ನ ಅವ್ವನಿಂದ. ಅವಳಿಗೀಗ ತೊಂಬತ್ತು. ಊರಿನ ಎರಡೆಕರೆ ಜಮೀನು ಇವತ್ತಿಗೂ ಅಪ್ಪನ ಹೆಸರಿನಲ್ಲೇ ಇದೆ. ಅಪ್ಪ ಹೋಗಿ ನಲವತ್ತು ವರ್ಷ ದಾಟಿದೆ. ಪಹಣಿಯಲ್ಲಿ ಮಾತ್ರ ಅವರೇ ರಾಗಿ ಬೆಳೆಯುತ್ತಿದ್ದಾರೆ! ಬೆಳೆ ಹೋದ ವರ್ಷ ಪರಿಹಾರಕ್ಕೆ ಅರ್ಜಿ ಹಾಕಲು ಹೋದರೆ, “ಖಾತೆದಾರರು ಬರಲಿ” ಎಂದರಂತೆ. ಎಲ್ಲಿಂದ ಬರುತ್ತಾರೆ? ಅವ್ವನಿಗೆ ಒಂದೇ ಹಟ. “ನಾನು ಕಣ್ಣು ಮುಚ್ಚೋದ್ರೊಳಗೆ ಒಂದ್ಸಲ ನನ್ನ ಹೆಸ್ರು ಆ ಪಹಣೀಲಿ ಬರ್ಲಿ. ನಲವತ್ತು ವರ್ಷ ಉತ್ತಿದ್ದು ಬಿತ್ತಿದ್ದು ನಾನಲ್ವಾ?”

ಸತ್ತವರ ಹೆಸರಿನಿಂದ ವಾರಸುದಾರರ ಹೆಸರಿಗೆ ಬದಲಾಗುವುದಕ್ಕೆ ಪೌತಿ ಖಾತೆ ಎನ್ನುತ್ತಾರೆ. ‘ಪೌತಿ’ ಅಂದರೆ ಏನೋ ರಶೀದಿ ಎಂದು ನಮ್ಮೂರಿನಲ್ಲಿ ಎಷ್ಟೋ ಜನ ತಿಳಿದಿದ್ದಾರೆ. ಅರಬ್ಬಿಯ ‘ಫೌತ್’ ಎಂಬ ಪದ ಕಚೇರಿಯ ಭಾಷೆಯ ದಾರಿ ಹಿಡಿದು ಕನ್ನಡಕ್ಕೆ ಬಂದದ್ದು. ಅರ್ಥ ಸಾವು. ಪೌತಿ ಖಾತೆಗೆ ಮೊದಲು ಬೇಕಾದದ್ದೇ ಮರಣ ಪ್ರಮಾಣಪತ್ರ.

ನನ್ನ ತಮ್ಮ ಎರಡು ವರ್ಷದ ಹಿಂದೆಯೇ ಅದಕ್ಕಾಗಿ ಅಲೆದಿದ್ದ. ಗ್ರಾಮ ಆಡಳಿತ ಅಧಿಕಾರಿಯ ಹತ್ತಿರ ಹೋದರೆ, ಹಳೆಯ ಪುಸ್ತಕಗಳೆಲ್ಲ ತಾಲ್ಲೂಕು ಕಚೇರಿಯಲ್ಲಿವೆ ಎಂದರು. ಅಲ್ಲಿ ಕೊಟ್ಟ ಅರ್ಜಿಗೆ ಮೂರು ತಿಂಗಳ ಮೇಲೆ ಒಂದು ಹಿಂಬರಹ ಬಂತು. 1981ನೇ ಸಾಲಿನ ಮರಣ ರಿಜಿಸ್ಟರಿನಲ್ಲಿ ಸದರಿ ಹೆಸರು ಲಭ್ಯವಿಲ್ಲ. ಅಷ್ಟೇ. ಹಾಗೆ ಬಂದರೆ ಮುಂದಿನ ದಾರಿ ಕಷ್ಟದ್ದು. ವರ್ಷ ದಾಟಿದ ಸಾವನ್ನು ಹೊಸದಾಗಿ ಬರೆಸಬೇಕಾದರೆ ಮ್ಯಾಜಿಸ್ಟ್ರೇಟರ ಆದೇಶ ಬೇಕು. ಪ್ರಮಾಣಪತ್ರ ಬರೆಸಬೇಕು, ಸಾಕ್ಷಿಗಳು ಬೇಕು. ಅಪ್ಪನನ್ನು ಹೊತ್ತ ನಾಲ್ವರಲ್ಲಿ ಈಗ ಉಳಿದವರು ಯಾರೂ ಇಲ್ಲ. ತಮ್ಮ ಆ ಹಿಂಬರಹವನ್ನು ಮಡಚಿ ದೇವರ ಗೂಡಿನಲ್ಲಿಟ್ಟು ಸುಮ್ಮನಾಗಿದ್ದ.

ಬೇಸಿಗೆ ರಜಕ್ಕೆ ನನ್ನ ಜೊತೆ ಊರಿಗೆ ಬಂದ ಮೊಮ್ಮಗಳಿಗೆ ಈಗ ಹನ್ನೆರಡು. ಬಂದ ಮಧ್ಯಾಹ್ನವೇ ಮುತ್ತಜ್ಜಿಯ ಪಕ್ಕ ಕೂತು ಶುರುಮಾಡಿದಳು.

“ಮುತ್ತಜ್ಜಿ, ಮುತ್ತಾತ ಸತ್ತಿದ್ದು ಊರಿಗೆಲ್ಲ ಗೊತ್ತಲ್ವಾ? ಮತ್ತೆ ಕಾಗದ ಯಾಕೆ?”

“ಊರಿಗೆ ಗೊತ್ತವ್ವ, ಕಚೇರಿಗೆ ಗೊತ್ತಿಲ್ಲ.”

“ಯಾವಾಗ ಸತ್ತಿದ್ದು?”

“ದುರ್ಮತಿ ಸಂವತ್ಸರ. ಶಿವರಾತ್ರಿಗೆ ಆರು ದಿನ ಇತ್ತು. ಮಂಗಳವಾರ, ಸಂತೆ ದಿನ.”

ಅವ್ವನಿಗೆ ಓದು ಬರದು. ಆದರೆ ಯುಗಾದಿಯ ದಿನ ಗುಡಿಯ ಮುಂದೆ ಪಂಚಾಂಗ ಓದುವುದನ್ನು ಕೇಳಿ ಕೇಳಿ ಸಂವತ್ಸರಗಳ ಲೆಕ್ಕ ಅವಳ ಬೆರಳ ತುದಿಯಲ್ಲಿದೆ. ಅಪ್ಪನ ಸಮಾಧಿಯ ಕಲ್ಲಿನ ಮೇಲೂ ‘ದುರ್ಮತಿ ಸಂವತ್ಸರ’ ಎಂದೇ ಕೆತ್ತಿಸಿದ್ದಾಳೆ.

ಹುಡುಗಿ ಕಾಗದ ಪೆನ್ಸಿಲು ತಂದಳು. ಸಂವತ್ಸರಗಳು ಅರವತ್ತು. ಮೊದಲನೆಯದು ಪ್ರಭವ, ಅದು 1987ರ ಯುಗಾದಿಗೆ ಬಂತು. ದುರ್ಮತಿ ಐವತ್ತೈದನೆಯದು, ಅಂದರೆ ಆ ಪ್ರಭವಕ್ಕಿಂತ ಆರು ವರ್ಷ ಹಿಂದೆ. 1981. ಸರಿ, ತಮ್ಮನೂ ಇದೇ ಲೆಕ್ಕ ಹಾಕಿಸಿ ಅರ್ಜಿ ಬರೆಸಿದ್ದ. ನಾನು ಕಾಫಿ ಸೋಸಲು ಒಳಗೆ ಹೋದೆ. ಹಿಂದೆಯೇ ಅವಳ ದನಿ ಬಂತು.

“ಅಜ್ಜೀ, ಸಂವತ್ಸರ ಶುರುವಾಗೋದು ಯುಗಾದಿಗೆ. ಶಿವರಾತ್ರಿ ಬರೋದು ಯುಗಾದಿಗೆ ಸ್ವಲ್ಪ ಮುಂಚೆ. ಅಂದ್ರೆ ಅದು ದುರ್ಮತಿಯ ಕೊನೇಲಿ. ಅಷ್ಟೊತ್ತಿಗೆ ಜನವರಿ ಆಗಿಹೋಗಿರುತ್ತೆ. 1982 ಅಲ್ವಾ?”

ಕಾಫಿ ಒಲೆಯ ಮೇಲೆಯೇ ಉಳಿಯಿತು. ಕಚೇರಿಯ ಪುಸ್ತಕ ಜನವರಿಯಿಂದ ಡಿಸೆಂಬರಿಗೆ, ನಮ್ಮ ಸಂವತ್ಸರ ಯುಗಾದಿಯಿಂದ ಯುಗಾದಿಗೆ. ಮಾಘದಲ್ಲಿ ತೀರಿಕೊಂಡವರನ್ನು ಹಿಂದಿನ ವರ್ಷದ ಪುಸ್ತಕದಲ್ಲಿ ಹುಡುಕಿದರೆ ಎಲ್ಲಿ ಸಿಗುತ್ತಾರೆ? ಫೋನಿನಲ್ಲಿ ಆ ವರ್ಷದ ಕ್ಯಾಲೆಂಡರ್ ತೆಗೆದು ನೋಡಿದೆವು. ಶಿವರಾತ್ರಿಗೆ ಆರು ದಿನ ಮುಂಚಿನ ಮಂಗಳವಾರ 1982ರ ಫೆಬ್ರವರಿ 16.

ಮಾರನೇ ದಿನವೇ ಮೂವರೂ ತಾಲ್ಲೂಕು ಕಚೇರಿಗೆ ಹೊರಟೆವು. ಅಜ್ಜ ಅಜ್ಜಿಯರಿಗೆ ಇಲ್ಲೊಂದು ಮಾತು. ಈ ನಕಲನ್ನು ಕೇಳಲು ಮಗನೇ ಆಗಿರಬೇಕು, ಗಂಡಸೇ ಬರಬೇಕು ಎಂದೇನೂ ಇಲ್ಲ. ರಿಜಿಸ್ಟರಿನಲ್ಲಿ ಹುಡುಕಿಸಿ ಮರಣದ ನಕಲು ಪಡೆಯಲು ಯಾರು ಬೇಕಾದರೂ ಅರ್ಜಿ ಕೊಡಬಹುದು ಎಂದು ಆ ಕಾನೂನಿನ 17ನೇ ಕಲಮು ಹೇಳುತ್ತದೆ. ಎಷ್ಟು ವರ್ಷದ ಪುಸ್ತಕ ಹುಡುಕಬೇಕೋ ಅಷ್ಟಕ್ಕೆ ಶುಲ್ಕ. ದುಡ್ಡು ದೊಡ್ಡದಲ್ಲ, ಆದರೆ ವರ್ಷ ಸರಿಯಾಗಿ ಹೇಳಿದರೆ ಹುಡುಕುವವರ ಮುಖವೂ ಗಂಟಾಗುವುದಿಲ್ಲ. ಸತ್ತವರ ಹೆಸರನ್ನೂ ಇದ್ದಷ್ಟು ರೀತಿಯಲ್ಲಿ ಬರೆದುಕೊಡಿ. ನಮ್ಮ ಅಪ್ಪನಿಗೆ ಮನೆಯಲ್ಲೊಂದು ಹೆಸರು, ಊರಲ್ಲೊಂದು, ಪಹಣಿಯಲ್ಲೊಂದು. ಮೂರನ್ನೂ ಬರೆದೆ.

ಅರ್ಜಿ ತೆಗೆದುಕೊಂಡ ಗುಮಾಸ್ತರು, “ಒಮ್ಮೆ ಇಲ್ಲ ಅಂತ ಕೊಟ್ಟಾಗಿದೆಯಲ್ಲಮ್ಮ” ಎಂದರು. ಮೊಮ್ಮಗಳು ತನ್ನ ಪೆನ್ಸಿಲ್ ಲೆಕ್ಕದ ಹಾಳೆಯನ್ನು ಅವರ ಮುಂದಿಟ್ಟಳು. ಅವರು ಕನ್ನಡಕ ಏರಿಸಿ ಓದಿದರು, ಎರಡು ಸಲ. “ಗುರುವಾರ ಬನ್ನಿ” ಎಂದರು. ಗುರುವಾರ ಹೋದೆವು, ದಾಖಲೆ ಕೋಣೆಯ ಬೀಗದ ಕೈ ಇದ್ದವರು ರಜ. ಸೋಮವಾರ ಹೋದೆವು. ಸರ್ಕಾರಿ ಕಚೇರಿಯ ಬೆಂಚಿನ ಮೇಲೆ ಕೂತ ಅನುಭವ ನಿಮಗೂ ಇರುತ್ತದೆ, ಅದನ್ನು ಬೆಳೆಸುವುದಿಲ್ಲ.

ಅಂಚು ಗೆದ್ದಲು ತಿಂದ ಉದ್ದನೆಯ ಪುಸ್ತಕ. ಗುಮಾಸ್ತರು ಹಾಳೆಗಳನ್ನು ಒಂದೊಂದಾಗಿ ಹೂವಿನೆಸಳು ಬಿಡಿಸಿದಂತೆ ತಿರುಗಿಸಿದರು. ಫೆಬ್ರವರಿ. ನಮ್ಮ ಊರು. ಅಪ್ಪನ ಹೆಸರು! ಮೂರರಲ್ಲಿ ಊರಿನವರು ಕರೆಯುತ್ತಿದ್ದ ಹೆಸರು, ನೀಲಿ ಶಾಯಿಯಲ್ಲಿ. ನಾನು ಏನೂ ಮಾತಾಡಲಿಲ್ಲ. ತಮ್ಮ ಹೊರಗೆ ಹೋಗಿ ಸ್ವಲ್ಪ ಹೊತ್ತು ನಿಂತು ಬಂದ.

“ತಿಳಿಸಿದವರು ಯಾರು ಅಂತಲೂ ಇದೆ ನೋಡಿ” ಎಂದು ಗುಮಾಸ್ತರು ಪುಸ್ತಕವನ್ನು ನಮ್ಮ ಕಡೆ ತಿರುಗಿಸಿದರು. ಕೊನೆಯ ಕಡೆ ಒಂದು ಹೆಬ್ಬೆಟ್ಟಿನ ಗುರುತು, ಮಾಸಿ ಕಂದಾಗಿತ್ತು. ಪಕ್ಕದಲ್ಲಿ ಹೆಸರು. ಆ ಹೆಸರನ್ನು ನಮ್ಮ ಮನೆಯಲ್ಲಿ ಯಾರೂ ಹೇಳುವುದಿಲ್ಲ. ಅವ್ವ ಅವರನ್ನು ‘ಬದಿನಾಚೆಯವನು’ ಎಂದೇ ಕರೆದದ್ದು. ಒಂದು ಮೊಳ ಬದುವಿಗಾಗಿ ಅಪ್ಪನೂ ಅವರೂ ಪಂಚಾಯ್ತಿ ಕಟ್ಟೆಯಲ್ಲಿ ಕೂಗಾಡಿದ್ದನ್ನು ಚಿಕ್ಕವಳಿದ್ದಾಗ ನಾನೇ ನೋಡಿದ್ದೇನೆ. ಅಪ್ಪ ಸತ್ತ ದಿನ ಅವರು ನಮ್ಮ ಅಂಗಳಕ್ಕೂ ಬಂದಿರಲಿಲ್ಲ. ಆದರೆ ಅದೇ ವಾರ ಯಾರಿಗೂ ಹೇಳದೆ ಹೋಗಿ ಹೆಬ್ಬೆಟ್ಟು ಒತ್ತಿ ಬಂದಿದ್ದರು.

ನಕಲು ಕೈಗೆ ಬಂತು. ಐದು ಪ್ರತಿ ತೆಗೆಸಿದೆ. ಬ್ಯಾಂಕಿಗೊಂದು, ನಾಡಕಚೇರಿಗೊಂದು, ಹೀಗೆ ಕೇಳುತ್ತಲೇ ಇರುತ್ತಾರೆ. ದಾರಿಯಲ್ಲಿ ಮೊಮ್ಮಗಳು ಅದನ್ನು ಓದಿ, “ಹೇಗೆ ಸತ್ತರು ಅಂತಲೇ ಇಲ್ಲ!” ಎಂದಳು. ಅದೂ ಕಾನೂನೇ. ಪುಸ್ತಕದಲ್ಲಿ ಕಾರಣ ಬರೆದಿದ್ದರೂ ನಕಲಿನಲ್ಲಿ ಅದನ್ನು ತೋರಿಸುವಂತಿಲ್ಲ. ಯಾರ ಕಾಯಿಲೆ ಏನೆಂಬುದು ಊರಿನವರಿಗೆ ಬೇಕಿಲ್ಲ ಎಂದಿರಬೇಕು, ನನಗದು ಸರಿಯೆನಿಸುತ್ತದೆ. ಅವಳು ಒಪ್ಪಲಿಲ್ಲ. ಬೆಂಗಳೂರಿನ ಸರ್ಕಾರಿ ವಸ್ತು ಸಂಗ್ರಹಾಲಯದಲ್ಲಿ ಶಾಲೆಯವರು ಆತಕೂರಿನ ಕಲ್ಲನ್ನು ತೋರಿಸಿದ್ದಾರಂತೆ. ಹತ್ತನೆಯ ಶತಮಾನದ್ದು. ಕಾಳಿ ಎಂಬ ಬೇಟೆನಾಯಿ ಹಂದಿಯೊಡನೆ ಕಾದಾಡಿ, ಎರಡೂ ಸತ್ತ ಕತೆ ಅದರಲ್ಲಿದೆ. “ನಾಯಿ ಹೇಗೆ ಸತ್ತಿತು ಅಂತ ಸಾವಿರ ವರ್ಷ ಆದ್ಮೇಲೂ ಗೊತ್ತು, ಮುತ್ತಾತನದು ಗೊತ್ತಿಲ್ಲ” ಎಂದಳು. ನಾನು ಹೇಳಿದೆ, ಹೊಟ್ಟೆನೋವು ಎಂದು ಮಲಗಿದವರು ಮೂರನೇ ದಿನ ಹೋದರು ಎಂದು. ಅದನ್ನು ಅವಳಿಗೆ ಹೇಳಿದ್ದು ಅದೇ ಮೊದಲು.

ಮನೆಯಲ್ಲಿ ಅವ್ವ ಹಾಳೆಯನ್ನು ತೊಡೆಯ ಮೇಲೆ ಹರಡಿಕೊಂಡಳು. ಹುಡುಗಿ ಸಾಲು ಸಾಲಾಗಿ ಓದಿದಳು. ಅಪ್ಪನ ಹೆಸರು, ಅವರ ತಂದೆಯ ಹೆಸರು, ತಾರೀಖು, ಊರು.

“ನನ್ನ ಹೆಸ್ರು ಎಲ್ಲೈತೆ?”

ಇರಲಿಲ್ಲ. ಹೆಂಡತಿಯ ಹೆಸರಿಗೆ ಆ ಹಳೆಯ ಪುಸ್ತಕದಲ್ಲಿ ಜಾಗವೇ ಇರಲಿಲ್ಲ. ಅದಕ್ಕೇ ಇದರ ಜೊತೆಗೆ ನಾಡಕಚೇರಿಯಿಂದ ವಂಶವೃಕ್ಷದ ಪತ್ರವನ್ನೂ ತರಬೇಕು, ಅದರಲ್ಲಿ ನಿನ್ನ ಹೆಸರು ಮೊದಲು ಬರುತ್ತದೆ ಎಂದು ತಮ್ಮ ಹೇಳಿದ. ಅವ್ವ ‘ಹೂಂ’ ಎಂದಳು. ಆಮೇಲೆ ನಾನು ಹೆಬ್ಬೆಟ್ಟಿನ ವಿಷಯ ಹೇಳಿದೆ.

ಅವಳು ತುಂಬ ಹೊತ್ತು ಮಾತಾಡಲಿಲ್ಲ. ಸೆರಗಿನಿಂದ ಹಾಳೆಯ ಮೇಲಿಲ್ಲದ ಧೂಳು ಒರೆಸಿದಳು.

“ಅವನು ಹೋಗಿ ಎಷ್ಟು ವರ್ಷ ಆಯ್ತು?”

“ಐದಾರು ವರ್ಷ ಆಯ್ತವ್ವ.”

“ಅವನ ಪತ್ರ ತಂದವ್ರಾ?”

ಯಾರಿಗೂ ಗೊತ್ತಿರಲಿಲ್ಲ. ತಮ್ಮ ಬದು ದಾಟಿ ಹೋಗಿ ವಿಚಾರಿಸಿದ. ಇಲ್ಲವಂತೆ, ಅವರ ಜಮೀನೂ ಸತ್ತವರ ಹೆಸರಿನಲ್ಲೇ ಇದೆಯಂತೆ. ಮಾರನೇ ಸೋಮವಾರ ತಾಲ್ಲೂಕು ಕಚೇರಿಗೆ ಹೋಗುವಾಗ ಅವರ ಮಗನೂ ನಮ್ಮ ಜೊತೆ ಬಂದ. ಅವ್ವ ಅವನ ಕೈಗೊಂದು ಹಲಸಿನಹಣ್ಣು ಕೊಟ್ಟು, ಮೊಮ್ಮಗಳಿಗೆ ಹೇಳಿದಳು, “ಇವರಪ್ಪಂದು ಯಾವ ಸಂವತ್ಸರ ಅಂತ ಸರಿಯಾಗಿ ಕೇಳ್ಕೊಂಡು ಲೆಕ್ಕ ಹಾಕವ್ವ.”